ಮಕ್ಕಳ ವಾರ್ಡ್: ಹಗಲು ಪಾಳಿಗೆ ಐದು ಸ್ಟಾರ್, ರಾತ್ರಿಗೆ ಎರಡೇ

ಆರು ವರ್ಷದ ಮಗಳ ಅಪೆಂಡಿಕ್ಸ್ ಆಪರೇಷನ್‌ಗೆ ಈ ವಾರ್ಡಿನಲ್ಲಿದ್ದೆವು. ಆಪರೇಷನ್ ಚೆನ್ನಾಗಿ ಆಯಿತು. ನಾನು ಬರೆಯುತ್ತಿರುವುದು ಆಮೇಲಿನ ನೋವನ್ನು ಸಿಸ್ಟರ್‌ಗಳು ಹೇಗೆ ನೋಡಿಕೊಂಡರು ಅನ್ನುವುದನ್ನು.

ಹಗಲಿನ ಸಿಸ್ಟರ್ ನನ್ನನ್ನು ಕೇಳುವ ಮೊದಲು ಮಗಳನ್ನೇ ಕೇಳುತ್ತಿದ್ದರು. ನೋವು ಎಷ್ಟಿದೆ ಅಂತ ಮಗುವೇ ಮುಟ್ಟಿ ತೋರಿಸುವ ವಾಂಗ್-ಬೇಕರ್ ಮುಖಗಳ ಚಾರ್ಟ್ ಅವರ ಹತ್ತಿರ ಇತ್ತು. ನಗುವ ಮುಖದಿಂದ ಅಳುವ ಮುಖದವರೆಗೆ ಆರು ಚಿತ್ರ, 0ಯಿಂದ 10ರವರೆಗೆ ಅಂಕ. ಮೂರು ವರ್ಷ ದಾಟಿದ ಮಕ್ಕಳಿಗೆ ಇದು ಸಾಕಾಗುತ್ತದಂತೆ. "ಕೊನೇ ಮುಖ ತೋರಿಸೋಕೆ ನೀನು ಅಳಲೇಬೇಕು ಅಂತಿಲ್ಲ ಪುಟ್ಟಿ" ಎಂದರು. ಮಗಳು 8ರ ಮುಖ ಮುಟ್ಟಿದಳು. ಸಿಸ್ಟರ್ ವಾದ ಮಾಡಲಿಲ್ಲ, ಬರೆದುಕೊಂಡರು, ಔಷಧಿ ತಂದರು. ಅರ್ಧ ಗಂಟೆ ಬಿಟ್ಟು ಬಂದು ಮತ್ತೆ ಅದೇ ಚಾರ್ಟ್ ಹಿಡಿದರು. ಕೊಟ್ಟ ಔಷಧಿ ಕೆಲಸ ಮಾಡಿತಾ ಅಂತ ನೋಡಲು ಮತ್ತೆ ಬಂದರಲ್ಲ, ನನಗೆ ತುಂಬಾ ಹಿಡಿಸಿದ್ದು ಅದು.

ಪ್ಯಾರಾಸಿಟಮಾಲ್ ಕೂಡ ತೂಕ ನೋಡಿ, ಕೆಜಿಗೆ 15 ಮಿಲಿಗ್ರಾಂ ಲೆಕ್ಕದಲ್ಲಿ, ಆರು ಗಂಟೆಗೊಮ್ಮೆ ತಪ್ಪದೆ ಕೊಟ್ಟರು. ನೋವು ಏರಿದ ಮೇಲೆ ಇಳಿಸುವುದು ಕಷ್ಟ, ಅದಕ್ಕೇ ಅಳುವವರೆಗೆ ಕಾಯಬಾರದು ಎಂದು ವಿವರಿಸಿದರು. ಡ್ರಿಪ್ ಸೂಜಿ ಬದಲಿಸುವಾಗ ಮರಗಟ್ಟಿಸುವ ಕ್ರೀಮ್ ಹಚ್ಚಿ ಒಂದು ಗಂಟೆ ಬಿಟ್ಟರು. ಕೈಕಾಲು ಅದುಮಿ ಹಿಡಿಯಲಿಲ್ಲ, ನನ್ನ ತೊಡೆಯ ಮೇಲೇ ಕೂರಿಸಿದರು.

ರಾತ್ರಿ ಪಾಳಿಯಲ್ಲಿ ಕಥೆಯೇ ಬೇರೆ. "ಬೊಂಬೆ ಹಿಡ್ಕೊಂಡು ಆಡ್ತಿದ್ದಾಳಲ್ಲ, ನೋವೆಲ್ಲಿದೆ?" ಎಂದರು ರಾತ್ರಿಯ ಸಿಸ್ಟರ್. ಆಟ ಮಕ್ಕಳಿಗೆ ನೋವು ಮರೆಯುವ ದಾರಿಯೂ ಹೌದು. ಸುಸ್ತಾಗಿ ನಿದ್ದೆ ಹೋದರೂ ನೋವು ಹೋಗಿದೆ ಅಂತಲ್ಲ. ಇಂಜೆಕ್ಷನ್ ಭಯಕ್ಕೆ "ಏನೂ ಇಲ್ಲ" ಅನ್ನುವ ಮಕ್ಕಳೂ ಇದ್ದಾರೆ. ಬೇಕಾದರೆ ಕೊಡಿ ಅಂತ ಡಾಕ್ಟರ್ ಬರೆದಿಟ್ಟಿದ್ದ ಸ್ವಲ್ಪ ಜೋರಿನ ಔಷಧಿ ಕೇಳಿದರೆ, "ಅಭ್ಯಾಸ ಆಗಿಬಿಡುತ್ತೆ" ಅನ್ನುವ ಉತ್ತರ. ಆಪರೇಷನ್ ಆದ ಮೇಲೆ ಎರಡು ಮೂರು ದಿನ, ಅಳತೆಯಲ್ಲಿ, ಕಣ್ಗಾವಲಿನಲ್ಲಿ ಕೊಟ್ಟರೆ ಚಟ ಹತ್ತುವುದು ತೀರಾ ಅಪರೂಪ. ಬೆಳಿಗ್ಗೆ ಡಾಕ್ಟರೇ ಇದನ್ನು ಹೇಳಿದರು. ಆ ಸಿಸ್ಟರ್ ಕೆಟ್ಟವರಲ್ಲ. ಬೆಡ್‌ಶೀಟ್ ಒದ್ದೆಯಾದಾಗ ಕೇಳದೆಯೇ ಬದಲಿಸಿದರು. ಆದರೆ ನೋವಿನ ವಿಷಯದಲ್ಲಿ ಅವರಿಗೆ ಯಾರೂ ಸರಿಯಾಗಿ ಕಲಿಸಿಲ್ಲ ಅನ್ನಿಸಿತು, ಅದು ಆಸ್ಪತ್ರೆಯ ಜವಾಬ್ದಾರಿ.

ಊಟ, ಸ್ವಚ್ಛತೆ ಪರವಾಗಿಲ್ಲ.

ಇಲ್ಲಿ ಮಗುವನ್ನು ಸೇರಿಸುವವರು ಮೊದಲ ದಿನವೇ ಮುಖಗಳ ಚಾರ್ಟ್ ಕೇಳಿ. ಮುಂದಿನ ಡೋಸ್ ಎಷ್ಟು ಗಂಟೆಗೆ ಅಂತ ಬರೆಸಿಕೊಳ್ಳಿ. ಪಾಳಿ ಬದಲಾಗುವ ಹೊತ್ತಿಗೆ ಹಾಸಿಗೆ ಪಕ್ಕದಲ್ಲೇ ಇದ್ದು, ಇಬ್ಬರು ಸಿಸ್ಟರ್‌ಗಳ ಎದುರಿಗೇ ಮಗುವಿನ ಅಂಕ ಹೇಳಿಸಿ.