ಹುಬ್ಬಳ್ಳಿ, ಬೆಳಗಾವಿ, ವಿದ್ಯಾನಗರ: ಪೈಲಟ್‌ಗೆ ಇಳಿಯಲು ಯಾವುದು ಚೆಂದ?

ನಮ್ಮ ಹುಬ್ಬಳ್ಳಿಯಲ್ಲಿ ಏರ್‌ಪೋರ್ಟ್ ಮಾತು ಬಂದರೆ ಎಲ್ಲರೂ ಹಿಡಿಯುವುದು ಟರ್ಮಿನಲ್ ಕಥೆ. ಎಷ್ಟು ದೊಡ್ಡದು, ಒಳಗೆ ಚಹಾ ಎಷ್ಟು ದುಬಾರಿ, ಬೆಂಗಳೂರಿಗೆ ದಿನಕ್ಕೆ ಎಷ್ಟು ವಿಮಾನ. ಪೈಲಟ್‌ಗಳ ಲೆಕ್ಕವೇ ಬೇರೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆ, ರನ್‌ವೇ ಯಾವ ದಿಕ್ಕಿಗಿದೆ, ಸುತ್ತ ಗುಡ್ಡ ಇದೆಯಾ, ಮಧ್ಯಾಹ್ನ ನೆಲ ಎಷ್ಟು ಕಾಯುತ್ತದೆ, ಮೋಡ ಎಷ್ಟು ಕೆಳಗಿಳಿಯುತ್ತದೆ. ನಾನು ಧಾರವಾಡದವನು. ಎಟಿಆರ್ ಅನ್ನುವ ಸಣ್ಣ ಪ್ರೊಪೆಲ್ಲರ್ ವಿಮಾನದ ಪೈಲಟ್ ಆಗಿ ಕೆಲಸ ಮಾಡಿ ಈಗ ನಿವೃತ್ತನಾಗಿದ್ದೇನೆ. ದೊಡ್ಡ ಜೆಟ್‌ಗಳ ಕಡೆ ಮನಸ್ಸು ಹೋಗಲೇ ಇಲ್ಲ. ಸಣ್ಣ ಊರಿನ ಏರ್‌ಪೋರ್ಟ್‌ಗಳೇ ನನಗೆ ಇಷ್ಟ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ನನ್ನ ಮತ ಹುಬ್ಬಳ್ಳಿಗೆ. ಚಳಿಗಾಲದ ಬೆಳಗ್ಗೆ ಬೆಳಗಾವಿಗೆ. ಕಿಟಕಿಯಾಚೆ ಕಾಣುವ ನೋಟದಲ್ಲಿ ತೋರಣಗಲ್ಲಿನ ವಿದ್ಯಾನಗರ ಏರ್‌ಪೋರ್ಟನ್ನು ಮೀರಿಸುವುದು ನಮ್ಮ ಕಡೆ ಇಲ್ಲ.

ಹುಬ್ಬಳ್ಳಿ ನನ್ನೂರು ಅಂತ ಹೊಗಳುತ್ತಿಲ್ಲ. ಇಲ್ಲಿನ ರನ್‌ವೇ ಗಾಳಿಗೆ ಹೇಳಿ ಮಾಡಿಸಿದ ಹಾಗಿದೆ. ಅದರ ಹೆಸರು 08/26. ಅಂದರೆ ಒಂದು ತುದಿಯಿಂದ ಇಳಿದರೆ ವಿಮಾನದ ಮೂಗು 80 ಡಿಗ್ರಿಗೆ, ಹೆಚ್ಚುಕಡಿಮೆ ಪೂರ್ವಕ್ಕೆ. ಇನ್ನೊಂದು ತುದಿಯಿಂದ ಇಳಿದರೆ 260 ಡಿಗ್ರಿಗೆ, ಪಶ್ಚಿಮಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗಾಳಿ ಬರುವುದೂ ಘಟ್ಟದ ಕಡೆಯಿಂದ, ಪಶ್ಚಿಮದಿಂದಲೇ ಅಲ್ವಾ? ಹಾಗಾಗಿ ಮಳೆಗಾಲದಲ್ಲಿ ಇಲ್ಲಿ ಗಾಳಿ ಹೆಚ್ಚಾಗಿ ಎದುರಿಗೇ ಸಿಗುತ್ತದೆ, ಪಕ್ಕದಿಂದ ತಳ್ಳುವುದು ಕಡಿಮೆ.

ಎದುರುಗಾಳಿಯ ಲಾಭ ಎಷ್ಟು ಅಂತ ನೋಡಿ. ಎಟಿಆರ್ ಇಳಿಯುವಾಗ ವೇಗ ಸುಮಾರು 110 ನಾಟ್, ಅಂದರೆ ಗಂಟೆಗೆ ಸುಮಾರು 200 ಕಿ.ಮೀ. ಎದುರಿಗೆ 20 ನಾಟ್ ಗಾಳಿ ಇದ್ದರೆ ನೆಲದ ಲೆಕ್ಕದಲ್ಲಿ ಅದು 90. ವಿಮಾನ ನಿಲ್ಲಿಸಲು ಕರಗಿಸಬೇಕಾದ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಇಳಿಯುವುದರಿಂದ, ಬ್ರೇಕ್ ಮೇಲಿನ ಹೊರೆ ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ರನ್‌ವೇ ಒದ್ದೆ ಇರುವಾಗ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಆ 26ರ ಕಡೆಗೆ ಇಳಿಯುವ ದಾರಿಯೂ ನನಗೆ ಬಲು ಇಷ್ಟ. ಪೂರ್ವದಿಂದ ಬಂದು ಊರನ್ನು ದಾಟಿಕೊಂಡೇ ಇಳಿಯಬೇಕು. ಮೋಡದಿಂದ ಹೊರಬಿದ್ದ ಕೂಡಲೇ ಕೆಳಗೆ ಒದ್ದೆ ತಾರಸಿಗಳು, ಮುಂದೆ ಉಣಕಲ್ ಕೆರೆಯ ಬೂದು ನೀರು. ವೈಪರ್ ಜೋರಾಗಿ ಆಡುತ್ತಿರುತ್ತದೆ. ಅದರ ನಡುವೆ ಇಳಿಯುವ ಎತ್ತರ ಸರಿಯಿದೆಯಾ ಅಂತ ತೋರಿಸುವ, ರನ್‌ವೇ ಪಕ್ಕದ ನಾಲ್ಕು ಪಿಎಪಿಐ ದೀಪಗಳು ಕಾಣುತ್ತವೆ. ಎರಡು ಬಿಳಿ, ಎರಡು ಕೆಂಪು ಕಂಡರೆ ಎತ್ತರ ಸರಿ. ಮೂರು ಕೆಂಪಾದರೆ ಕೆಳಗೆ ಬರುತ್ತಿದ್ದೀರಿ, ಮೂರು ಬಿಳಿಯಾದರೆ ಮೇಲಿದ್ದೀರಿ. ಮೂರು ಡಿಗ್ರಿ ಇಳಿಜಾರಿನಲ್ಲಿ ಒಂದು ನಾಟಿಕಲ್ ಮೈಲಿಗೆ (ಸುಮಾರು 1.85 ಕಿ.ಮೀ.) ಸುಮಾರು 300 ಅಡಿ ಇಳಿಯಬೇಕು. ಕೆರೆ ದಾಟುವ ಹೊತ್ತಿಗೆ ಆ ದೀಪಗಳು ಎರಡು-ಎರಡಾಗಿ ಅಲುಗಾಡದೆ ನಿಂತರೆ ಸಿಗುವ ಸಮಾಧಾನ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ಹಳೆಯ ರನ್‌ವೇ ಕಂಡವರಿಗೆ ಇವತ್ತಿನದು ಐಷಾರಾಮ. 2003ರಲ್ಲಿ ಏರ್ ಡೆಕ್ಕನ್ ಬೆಂಗಳೂರಿನಿಂದ ಹುಬ್ಬಳ್ಳಿಗೆ ಎಟಿಆರ್ ತಂದಾಗ ರನ್‌ವೇ ಇದ್ದದ್ದು ಸುಮಾರು 1,670 ಮೀಟರ್. ನಮ್ಮ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಉದ್ದದ ಪ್ಲಾಟ್‌ಫಾರ್ಮೇ 1,507 ಮೀಟರ್ ಇದೆ! ಅದಕ್ಕಿಂತ ಸ್ವಲ್ಪವೇ ಜಾಸ್ತಿ ಜಾಗದಲ್ಲಿ ವಿಮಾನ ಇಳಿದು ಏರುತ್ತಿತ್ತು. 2017ರ ಡಿಸೆಂಬರ್‌ನಲ್ಲಿ ಹೊಸ ಟರ್ಮಿನಲ್ ಉದ್ಘಾಟನೆಯಾಯಿತು. ರನ್‌ವೇ 2,300 ಮೀಟರ್ ಆಯಿತು. ಏರ್‌ಬಸ್ 320, ಬೋಯಿಂಗ್ 737 ಬರತೊಡಗಿದವು.

ಹಾಗಂತ ಹುಬ್ಬಳ್ಳಿಗೆ ಕೊರತೆ ಇಲ್ಲವೇ? ಇದೆ. ಏಪ್ರಿಲ್-ಮೇ ಮಧ್ಯಾಹ್ನ. ನವಲಗುಂದ, ಅಣ್ಣಿಗೇರಿ ಕಡೆ ಎಲ್ಲಾ ಎರೆ ಹೊಲ. ಬೆಳೆ ಕೊಯ್ದು ಖಾಲಿ ಬಿಟ್ಟ ಕಪ್ಪು ನೆಲ ಬಿಸಿಲನ್ನು ಹೀರಿ ಕಾದು, ಮೇಲಿನ ಗಾಳಿಯನ್ನು ಬುಗ್ಗೆಯಂತೆ ಚಿಮ್ಮಿಸುತ್ತದೆ. ಪೂರ್ವದಿಂದ ಬರುವ ವಿಮಾನ ಅದರ ಮೇಲೇ ಇಳಿಯುತ್ತಾ ಬರಬೇಕು. ಎಟಿಆರ್ ಹಗುರ ವಿಮಾನ, ಹಾಗಾಗಿ ಕುಲುಕಾಟ ಚೆನ್ನಾಗಿ ಗೊತ್ತಾಗುತ್ತದೆ. ಹಿಂದಿನ ಸೀಟಿನಲ್ಲಿ ಕೂತ ಅಜ್ಜಿಯಂದಿರು ದೇವರ ನಾಮ ಶುರು ಮಾಡುವುದು ಅಲ್ಲೇ. ಅಪಾಯವೇನಿಲ್ಲ, ಆದರೆ ಹಿತವೂ ಇರುವುದಿಲ್ಲ.

ಇನ್ನೊಂದು, ತೆಳು ಗಾಳಿ. ಹುಬ್ಬಳ್ಳಿ ಏರ್‌ಪೋರ್ಟ್ ಸಮುದ್ರಮಟ್ಟದಿಂದ ಸುಮಾರು 2,170 ಅಡಿ ಮೇಲಿದೆ. ಬಿಸಿಲು 38 ಡಿಗ್ರಿ ಮುಟ್ಟಿದ ದಿನ ಇಲ್ಲಿನ ಗಾಳಿ 5,400 ಅಡಿ ಎತ್ತರದ ಗಾಳಿಯಷ್ಟು ತೆಳುವಾಗುತ್ತದೆ. ಆಗ ಕಾಕ್‌ಪಿಟ್‌ನ ಮೀಟರ್ 110 ನಾಟ್ ತೋರಿಸಿದರೂ ವಿಮಾನ ನಿಜವಾಗಿ ಓಡುತ್ತಿರುವುದು 120ರ ಹತ್ತಿರ. ಟೇಕಾಫ್‌ಗೂ ಹಾಗೆಯೇ. ಎಟಿಆರ್ 72 ತುಂಬಿದಾಗ ಸಮುದ್ರಮಟ್ಟದಲ್ಲಿ ಸುಮಾರು 1,300 ಮೀಟರ್ ಕೇಳುತ್ತದೆ. ಇಲ್ಲಿ ಮೇ ತಿಂಗಳಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಓಡಬೇಕು.

ಹಕ್ಕಿಗಳ ವಿಷಯ ಹೇಳದೆ ಮುಂದೆ ಹೋಗಲಾರೆ. ವಿಮಾನ ನಿಲ್ದಾಣದ 10 ಕಿ.ಮೀ. ಸುತ್ತ ಬಯಲಲ್ಲಿ ಪ್ರಾಣಿ ಕಡಿಯುವುದು, ಹಕ್ಕಿಗಳನ್ನು ಸೆಳೆಯುವಂಥ ಕಸ ಸುರಿಯುವುದು ನಿಯಮದ ಪ್ರಕಾರ ತಪ್ಪು. ನಮ್ಮ ಏರ್‌ಪೋರ್ಟ್ ಇರುವ ಗೋಕುಲ ರೋಡ್ ಈಗ ಊರಿನ ನಡುವೆಯೇ ಬಂದಂತಾಗಿದೆ. ಕಸದ ಗುಡ್ಡೆ ಕಂಡಲ್ಲಿ ಹದ್ದು ಸುತ್ತುತ್ತದೆ. ಹದ್ದು ಸುತ್ತುವ ಎತ್ತರ, ನಾವು ಇಳಿಯುವ ಎತ್ತರ ಒಂದೇ. ದಯವಿಟ್ಟು ಆ ಕಡೆಯ ಖಾಲಿ ಸೈಟ್‌ಗಳಲ್ಲಿ ಹೋಟೆಲ್ ಕಸ, ಕೋಳಿ ಅಂಗಡಿಯ ಕಸ ಎಸೆಯಬೇಡಿ. ಒಂದು ಹದ್ದು ಎಂಜಿನ್ ಹಾಳುಗೆಡವಲು ಸಾಕು.

ಈಗ ಬೆಳಗಾವಿ. ನನ್ನ ಹೆಂಡತಿಯ ತಮ್ಮ ಅಲ್ಲಿಯವನು. ನಾನು ಹುಬ್ಬಳ್ಳಿಯನ್ನು ಹೊಗಳಿದಾಗಲೆಲ್ಲ, "ಯಾಕ್ರೀ ಮಾವಾರ, ನಮ್ಮ ಸಾಂಬ್ರಾ ಏನ್ ಕಡಿಮಿ ಐತಿ?" ಅಂತ ಕೇಳುತ್ತಾನೆ. ಕಡಿಮೆ ಏನೂ ಇಲ್ಲ. ಸಾಂಬ್ರಾ ಅಂದರೆ ಬೆಳಗಾವಿಯ ಏರ್‌ಪೋರ್ಟ್, ನಮ್ಮದಕ್ಕಿಂತ ಹಿರಿದು. 1942ರಲ್ಲಿ, ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ವಾಯುಪಡೆಗಾಗಿ ಕಟ್ಟಿದ್ದು. ಈಗಲೂ ಅಲ್ಲಿ ಭಾರತೀಯ ವಾಯುಪಡೆಯ ತರಬೇತಿ ಕೇಂದ್ರ ಇದೆ. ಹೊಸ ಟರ್ಮಿನಲ್ ಬಂದಿದ್ದು ಹುಬ್ಬಳ್ಳಿಗಿಂತ ಮೂರು ತಿಂಗಳು ಮೊದಲು, 2017ರ ಸೆಪ್ಟೆಂಬರ್‌ನಲ್ಲಿ. ರನ್‌ವೇ ದಿಕ್ಕೂ ಅದೇ 08/26, ಉದ್ದವೂ ಅದೇ 2,300. ಎತ್ತರ ಮಾತ್ರ 300 ಅಡಿ ಜಾಸ್ತಿ.

ಕಾಗದದ ಮೇಲೆ ಅಣ್ಣ-ತಮ್ಮ. ಆದರೆ ಮಳೆಗಾಲದಲ್ಲಿ ಸ್ವಭಾವ ಬೇರೆ. ಬೆಳಗಾವಿ ಘಟ್ಟಕ್ಕೆ ಹತ್ತಿರ. ಜುಲೈನಲ್ಲಿ ಅಲ್ಲಿ ಮೋಡ ನೆಲಕ್ಕೇ ಬಂದು ಕೂರುತ್ತದೆ. ಒಂದು ಸಲ ಎರಡು ಪ್ರಯತ್ನ ಮಾಡಿ, ಕನಿಷ್ಠ ಎತ್ತರಕ್ಕೆ ಬಂದರೂ ರನ್‌ವೇ ಕಾಣದೆ, ಮತ್ತೆ ಏರಿ ಹುಬ್ಬಳ್ಳಿಗೆ ಬಂದೆವು. ಆಕಾಶದಲ್ಲಿ ಎರಡರ ನಡುವೆ 40 ನಾಟಿಕಲ್ ಮೈಲಿ ಅಷ್ಟೇ. ಅಲ್ಲಿ ಬಿಳಿ ಗೋಡೆ, ಇಲ್ಲಿ ಮೋಡ ಹರಿದು ಊರು ಕಾಣುತ್ತಿದೆ. ಪ್ರಯಾಣಿಕರಿಗೆ ಬೇಸರ ಆಯಿತು, ಪಾಪ, ಅವರ ಕಾರು ಸಾಂಬ್ರಾದಲ್ಲಿ ಕಾಯುತ್ತಿತ್ತು. ಆದರೆ ಇಂಥ ಜೋಡಿ ಏರ್‌ಪೋರ್ಟ್ ಇರುವುದು ಪೈಲಟ್‌ಗೆ ಎಂಥ ಧೈರ್ಯ ಗೊತ್ತಾ?

ಅದೇ ಬೆಳಗಾವಿಗೆ ಡಿಸೆಂಬರ್ ಬೆಳಗ್ಗೆ ಹೋಗಿ ನೋಡಿ. ಗಾಳಿ ತಣ್ಣಗೆ, ಗಟ್ಟಿಯಾಗಿರುತ್ತದೆ. ರೆಕ್ಕೆ ಒಂಚೂರೂ ಅಲುಗುವುದಿಲ್ಲ. ಸುತ್ತ ಬಯಲು, ಊರು ದೂರ, ಕಣ್ಣಿಗೆ ಅಡ್ಡ ಏನೂ ಇಲ್ಲ. ಚಕ್ರ ನೆಲಕ್ಕೆ ತಾಗಿದ್ದು ಗೊತ್ತಾಗದಂಥ ಲ್ಯಾಂಡಿಂಗ್ ನನ್ನ ಕೈಯಲ್ಲಿ ಜಾಸ್ತಿ ಆಗಿದ್ದು ಅಲ್ಲೇ. ಏರ್‌ಪೋರ್ಟ್ಸ್ ಅಥಾರಿಟಿಯವರು ವೈಮಾನಿಕ ತರಬೇತಿ ಶಾಲೆಗಳಿಗೆ ಅಂತ ಮೊದಲು ಆರಿಸಿದ ಐದು ಜಾಗಗಳಲ್ಲಿ ಬೆಳಗಾವಿಯೂ ಒಂದು, ನಮ್ಮ ಕಲಬುರಗಿ ಇನ್ನೊಂದು. ಹಾಗಾಗಿ ಅಲ್ಲಿ ರೇಡಿಯೋದಲ್ಲಿ ಕಲಿಯುವ ಹುಡುಗ-ಹುಡುಗಿಯರ ದನಿ ಕೇಳುತ್ತದೆ. ಮೊದಲ ಸಲ ಸೋಲೋ, ಅಂದರೆ ಒಬ್ಬರೇ ಹಾರುವವರ ಮಾತು ನಡುಗುತ್ತಿರುತ್ತದೆ. ಅವರಿಗಾಗಿ ಒಂದು ಸುತ್ತು ಜಾಸ್ತಿ ಹೊಡೆದು ಕಾಯಬೇಕಾಗಿ ಬಂದರೂ ನನಗೆ ಬೇಸರವಾಗುತ್ತಿರಲಿಲ್ಲ. ನಾವೆಲ್ಲ ಹಾಗೇ ಕಲಿತವರು.

ವಿದ್ಯಾನಗರ ಅಂದರೆ ನಮ್ಮ ಹುಬ್ಬಳ್ಳಿಯ ಬಡಾವಣೆ ಅಲ್ಲ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯವರು ಕಟ್ಟಿಸಿದ ಖಾಸಗಿ ಏರ್‌ಪೋರ್ಟ್. ಹಂಪಿಗೆ ಹೋಗುವವರಿಗೆ ಇದೇ ಹತ್ತಿರ. ಎಟಿಆರ್ ಅಳತೆಯ ಜಾಗ, ದೊಡ್ಡ ಜೆಟ್‌ಗಳ ನೂಕುನುಗ್ಗಲು ಇಲ್ಲ. ಇಳಿಯುವ ಮೊದಲು ಸಿಗುವ ಆ ಕೆಲವು ನಿಮಿಷ ಇದೆಯಲ್ಲ, ಅದಕ್ಕಾಗಿ ರೋಸ್ಟರ್‌ನಲ್ಲಿ ವಿದ್ಯಾನಗರ ಬಂದರೆ ಖುಷಿಯಾಗುತ್ತಿತ್ತು. ಪಶ್ಚಿಮಕ್ಕೆ ತುಂಗಭದ್ರಾ ಜಲಾಶಯ ಹೊಳೆಯುತ್ತದೆ. ದಕ್ಷಿಣಕ್ಕೆ ಸಂಡೂರಿನ ಗುಡ್ಡಗಳು, ಮಳೆ ನಿಂತ ಮೇಲೆ ಕಡು ಹಸಿರು, ಗಣಿ ಅಗೆದಲ್ಲಿ ಕೆಂಪು ಗಾಯ. ನಡುವೆ ಹಂಪಿ ಸೀಮೆಯ ಬಂಡೆ ರಾಶಿ.

ನೋಟಕ್ಕೆ ತಕ್ಕ ಬೆಲೆಯನ್ನೂ ಕೊಡಬೇಕು. ಬೇಸಿಗೆಯಲ್ಲಿ ಅಲ್ಲಿನ ಬಿಸಿಲು ಹುಬ್ಬಳ್ಳಿಯನ್ನು ಮೀರಿಸುತ್ತದೆ. ಕಾರ್ಖಾನೆಯ ಹೊಗೆ, ದೂಳು ಸೇರಿ ಎಷ್ಟೋ ದಿನ ದೂರದ್ದು ಮಸುಕು. ಎಟಿಆರ್‌ನ ಒಂದು ಅನುಕೂಲ ಅಲ್ಲಿ ಚೆನ್ನಾಗಿ ಬಳಕೆಗೆ ಬರುತ್ತಿತ್ತು. ವಿಮಾನ ನಿಂತ ಮೇಲೂ ಬಲಗಡೆ ಎಂಜಿನ್ ಚಾಲೂ ಇಟ್ಟು, ಅದರ ಪ್ರೊಪೆಲ್ಲರ್‌ಗೆ ಮಾತ್ರ ಬ್ರೇಕ್ ಹಾಕಬಹುದು. ಅದಕ್ಕೆ ನಾವು ಹೋಟೆಲ್ ಮೋಡ್ ಅನ್ನುತ್ತೇವೆ. ಎಸಿ ನಡೆಯುತ್ತದೆ, ಪ್ರಯಾಣಿಕರು ಬೇಯುವುದಿಲ್ಲ. ಅದಿಲ್ಲದಿದ್ದರೆ ಮೇ ತಿಂಗಳಲ್ಲಿ ಕಾಕ್‌ಪಿಟ್‌ನ ಕಬ್ಬಿಣ ಮುಟ್ಟಲು ಆಗುವುದಿಲ್ಲ.

ಮೈಸೂರಿನ ಮಂಡಕಳ್ಳಿ ಚೊಕ್ಕ ಜಾಗ, ಚಾಮುಂಡಿ ಬೆಟ್ಟ ದೂರದಿಂದಲೇ ದಾರಿ ತೋರಿಸುತ್ತದೆ. ಆದರೆ 1,740 ಮೀಟರ್ ರನ್‌ವೇ ಎಟಿಆರ್‌ಗಷ್ಟೇ ಸಾಕು. ಶಿವಮೊಗ್ಗದ ಸೋಗಾನೆ ಇದರ ಉಲ್ಟಾ. 2023ರಲ್ಲಿ ಶುರುವಾದ ಅಲ್ಲಿ 3,200 ಮೀಟರ್ ರನ್‌ವೇ, ಎಟಿಆರ್‌ಗೆ ಅರ್ಧ ಸಾಕು. ಮಲೆನಾಡಿನ ಮಂಜು ಮಾತ್ರ ರನ್‌ವೇ ಉದ್ದ ಕೇಳಿ ಬರುವುದಿಲ್ಲ.

ಮಂಗಳೂರನ್ನು ಈ ಸಾಲಿಗೆ ಸೇರಿಸು ಅಂತ ಗೆಳೆಯರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬಜ್ಪೆ ಗುಡ್ಡದ ನೆತ್ತಿಯ ರನ್‌ವೇ, ಆಚೆ ಕಣಿವೆ. 2010ರ ಮೇ 22ರಂದು ಅಲ್ಲಿ 158 ಜನ ಪ್ರಾಣ ಕಳೆದುಕೊಂಡರು. ಅಲ್ಲಿ ಇಳಿಯುವಾಗ ಮೈಯೆಲ್ಲ ಕಣ್ಣಾಗಿರಬೇಕು. ಚೆನ್ನಾಗಿ ಇಳಿಸಿದರೆ ತೃಪ್ತಿ ಇದೆ, ಆದರೆ ಅದನ್ನು ನಾನು ಇಷ್ಟ ಅಂತ ಕರೆಯಲಾರೆ.

ಪ್ರಯಾಣಿಕರಿಗೆ ಇದರಿಂದ ಏನು ಉಪಯೋಗ ಅಂದರೆ: ಏಪ್ರಿಲ್-ಮೇ ತಿಂಗಳಲ್ಲಿ ವಯಸ್ಸಾದವರನ್ನು, ಸಣ್ಣ ಮಕ್ಕಳನ್ನು ಕರೆದುಕೊಂಡು ಹುಬ್ಬಳ್ಳಿಗೋ ವಿದ್ಯಾನಗರಕ್ಕೋ ಬರುವುದಿದ್ದರೆ ಬೆಳಗಿನ ವಿಮಾನಕ್ಕೇ ಟಿಕೆಟ್ ತೆಗೆಯಿರಿ, ನೆಲ ಕಾಯುವ ಮೊದಲೇ ಇಳಿದಿರುತ್ತೀರಿ. ಜುಲೈ-ಆಗಸ್ಟ್‌ನಲ್ಲಿ ಬೆಳಗಾವಿಗಾದರೆ ನಸುಕಿನದು ಬೇಡ. ಹೊತ್ತು ಏರಿದಂತೆ ಮೋಡ ಸ್ವಲ್ಪ ಮೇಲೇಳುತ್ತದೆ. ಅವತ್ತೇ ಮದುವೆಯೋ ಕೋರ್ಟ್ ಕೆಲಸವೋ ಇದ್ದರೆ ಸುಮ್ನೆ ಹುಬ್ಬಳ್ಳಿಗೆ ಇಳಿದು ರಸ್ತೆ ಹಿಡಿಯಿರಿ.