ಪರಿಸರ ನಿಯಮದ ಕೆಲಸ: ಸಲಹಾ ಸಂಸ್ಥೆಯೋ, ಸ್ವಂತ ಎಂಜಿನಿಯರೋ?

ಬಳ್ಳಾರಿಯಲ್ಲಿ ಜೀನ್ಸ್ ವಾಷಿಂಗ್ ಘಟಕವನ್ನೂ ಕೊಪ್ಪಳದ ಬಳಿ ಸ್ಪಾಂಜ್ ಐರನ್ (ಉಕ್ಕು ತಯಾರಿಕೆಗೆ ಬಳಸುವ ಕಚ್ಚಾ ಕಬ್ಬಿಣ) ಘಟಕವನ್ನೂ ನಡೆಸುವ ಗೆಳೆಯರೊಬ್ಬರು ಕೇಳಿದರು: ಪರಿಸರ ನಿಯಮಗಳನ್ನು ಪಾಲಿಸುವ ಕೆಲಸವನ್ನು ಹೊರಗಿನ ಸಲಹಾ ಸಂಸ್ಥೆಗೆ ಕೊಡಲೋ, ಸ್ವಂತ ಎಂಜಿನಿಯರನ್ನು ಇಟ್ಟುಕೊಳ್ಳಲೋ?

ಖರ್ಚಿನಲ್ಲಿ ಸಲಹಾ ಸಂಸ್ಥೆಯೇ ಹಗುರ. ಕೆಲಸವಿದ್ದಾಗ ಶುಲ್ಕ ಕೊಟ್ಟರಾಯಿತು, ತಿಂಗಳ ಸಂಬಳದ ಹೊರೆಯಿಲ್ಲ. ಕಾಗದಪತ್ರಗಳಲ್ಲೂ ಅವರ ಕೈ ಪಳಗಿರುತ್ತದೆ: ಘಟಕ ನಡೆಸಲು ಬೇಕಾದ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ, ಜೂನ್ 30ರೊಳಗೆ ಅಪಾಯಕಾರಿ ತ್ಯಾಜ್ಯದ ವಾರ್ಷಿಕ ವರದಿ, ಸೆಪ್ಟೆಂಬರ್ 30ರೊಳಗೆ ಪರಿಸರ ಹೇಳಿಕೆ (ವರ್ಷದಲ್ಲಿ ಬಳಸಿದ ನೀರು, ಕಚ್ಚಾವಸ್ತು, ಹೊರಬಿಟ್ಟ ಮಾಲಿನ್ಯದ ಲೆಕ್ಕ).

ಆದರೆ ಮಾಲಿನ್ಯ ಕಾಗದದಲ್ಲಿ ಹುಟ್ಟುವುದಿಲ್ಲ. ಕರೆಂಟು ಉಳಿಸಲೆಂದು ರಾತ್ರಿ ಪಾಳಿಯಲ್ಲಿ ಧೂಳು ಹಿಡಿಯುವ ಯಂತ್ರವನ್ನು ಯಾರಾದರೂ ನಿಲ್ಲಿಸಿದರೆ, ಬೆಳಿಗ್ಗೆ ಪಕ್ಕದ ಹೊಲದ ಸಜ್ಜೆಯ ಎಲೆಗೆ ಬೆರಳು ತಾಗಿಸಿದೊಡನೆ ಕಪ್ಪು ಹತ್ತುತ್ತದೆ. ತಿಂಗಳಿಗೊಮ್ಮೆ ಬರುವ ಸಲಹೆಗಾರರಿಗೆ ಅದು ಕಾಣುವುದಿಲ್ಲ. ಆ ಎಲೆ ರೈತನ ಅನ್ನ. ಇದನ್ನು ಲೆಕ್ಕದಿಂದ ಹೊರಗಿಡುವುದು ನನಗೆ ಸಾಧ್ಯವಿಲ್ಲ. ಕುಲುಮೆ ಹಗಲಿರುಳು ಉರಿಯುವ ಸ್ಪಾಂಜ್ ಐರನ್ ಘಟಕದಲ್ಲಿ, ಯಂತ್ರ ನಿಲ್ಲಿಸಬೇಡಿ ಎನ್ನುವ ಅಧಿಕಾರವುಳ್ಳ ಸ್ವಂತ ಎಂಜಿನಿಯರ್ ಇರಲೇಬೇಕು.

ವಾಷಿಂಗ್ ಘಟಕ ಚಿಕ್ಕದಾಗಿದ್ದರೆ ಸಲಹಾ ಸಂಸ್ಥೆ ಸಾಕು. ಜೊತೆಗೆ ನೀಲಿ ನೀರಿನ ಶುದ್ಧೀಕರಣ ನೋಡಿಕೊಳ್ಳಲು ತರಬೇತಿ ಪಡೆದ ಒಬ್ಬ ಆಪರೇಟರ್ ಬೇಕು. ಶುದ್ಧೀಕರಣದಲ್ಲಿ ಉಳಿಯುವ ಕೆಸರು ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದ್ದರೆ, ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಪ್ರತಿ ಚೀಲದ ಮೇಲೆ ತುಂಬಿದ ದಿನಾಂಕವನ್ನು ಆ ಆಪರೇಟರ್ ಕೈಯಿಂದಲೇ ಬರೆಸಿ.

ಯಾರನ್ನೇ ಆರಿಸಿಕೊಂಡರೂ ಸಮ್ಮತಿ ಪತ್ರ ಘಟಕದ ಹೆಸರಿನಲ್ಲಿರುತ್ತದೆ. ನೋಟಿಸು ಬರುವುದೂ ನಿಮಗೇ.