ಮಲೆನಾಡಿನ ಕೋವಿಗೆ ಖಡ್ಕಿಯ ತೋಟೆ: ಶಕ್ತಿಮಾನ್ 12 ಬೋರ್ ಹೇಗಿದೆ?

ಮೂಡಿಗೆರೆ, ಸಕಲೇಶಪುರ ಕಡೆ ಕಾಫಿ ಬೆಳೆಯುವ ಎಷ್ಟೋ ಮನೆಗಳಲ್ಲಿ ಬೆಳೆ ರಕ್ಷಣೆಯ ಲೈಸೆನ್ಸಿನ ಜೋಡುನಳಿಗೆ ಕೋವಿ ಇರುತ್ತದೆ. ಕೋವಿ ಬಗ್ಗೆ ಎಲ್ಲರೂ ಕೊಚ್ಚಿಕೊಳ್ಳುತ್ತಾರೆ, ಅದಕ್ಕೆ ತುಂಬುವ ಮದ್ದು, ಚರೆ ತುಂಬಿದ ತೋಟೆ ಬಗ್ಗೆ ಯಾರೂ ಬರೆಯೋದಿಲ್ಲ. ನಮಗೆ ಅಂಗಡಿಯಲ್ಲಿ ಸಿಗೋದು ಜಾಸ್ತಿ ಶಕ್ತಿಮಾನ್ ಹೆಸರಿನ 12 ಬೋರ್ ತೋಟೆ (ಬೋರ್ ಅಂದರೆ ನಳಿಗೆಯ ಒಳಗಾತ್ರದ ಅಳತೆ). ತಯಾರಾಗೋದು ಪುಣೆ ಪಕ್ಕದ ಖಡ್ಕಿ ಕಾರ್ಖಾನೆಯಲ್ಲಿ.

ಈ ಕಾರ್ಖಾನೆ ಶುರುವಾಗಿದ್ದು 1869ರಲ್ಲಿ, ಬ್ರಿಟಿಷ್ ಸೈನ್ಯಕ್ಕೆ ಮದ್ದುಗುಂಡು ಒದಗಿಸಲು. ಅದಕ್ಕೂ ಮೊದಲೇ ಕಲ್ಕತ್ತೆ ಹತ್ತಿರದ ಡಮ್‌ಡಮ್‌ನಲ್ಲಿ ಒಂದಿತ್ತು. ದೇಹದೊಳಗೆ ಹೊಕ್ಕ ಮೇಲೆ ಅರಳಿಕೊಳ್ಳುವ ಗುಂಡಿಗೆ 'ಡಮ್‌ಡಮ್' ಅಂತ ಹೆಸರು ಬಂದಿದ್ದು ಆ ಊರಿಂದಲೇ, ಯುದ್ಧದಲ್ಲಿ ಅಂಥ ಗುಂಡು ಬಳಸಬಾರದು ಅಂತ 1899ರ ಹೇಗ್ ಸಮ್ಮೇಳನದಲ್ಲಿ ತೀರ್ಮಾನವೂ ಆಯಿತು. ಖಡ್ಕಿ ಬಹಳ ಕಾಲ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಗಳನ್ನು ನಡೆಸುತ್ತಿದ್ದ ಆರ್ಡ್ನೆನ್ಸ್ ಫ್ಯಾಕ್ಟರಿ ಬೋರ್ಡಿನ ಕೆಳಗಿತ್ತು. 2021ರಲ್ಲಿ ಬೋರ್ಡನ್ನು ಒಡೆದು ಏಳು ಸರ್ಕಾರಿ ಕಂಪನಿ ಮಾಡಿದರು. ಈಗ ಅದು ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್‌ನ 12 ಕಾರ್ಖಾನೆಗಳಲ್ಲಿ ಒಂದು. ಸೈನ್ಯದ ಬಂದೂಕಿನ ಗುಂಡೇ ಅವರ ಮುಖ್ಯ ಕೆಲಸ. ನಮ್ಮ ತೋಟೆ ಪಕ್ಕದ ವ್ಯಾಪಾರ ಅಷ್ಟೇ.

ಹಿರಿಯರು ಮಾತ್ರ ಇನ್ನೂ 'ಏಲಿ ತೋಟೆ ಥರ ಇಲ್ಲ ಬಿಡಪ್ಪಾ' ಅಂತಾರೆ. ಏಲಿ 1828ರಲ್ಲಿ ಲಂಡನ್ನಿನಲ್ಲಿ ಶುರುವಾದ ಕಂಪನಿ, ಆಮೇಲೆ ಬರ್ಮಿಂಗ್‌ಹ್ಯಾಮಿನ ಕೈನಾಕ್ ಜೊತೆ ಸೇರಿತು. ಒಳ್ಳೆ ಮಾಲೇ, ಇವತ್ತಿಗೂ .22 ರೈಫಲ್ ಸ್ಪರ್ಧೆಯವರು ಅದರ ಟೆನೆಕ್ಸ್ ಗುಂಡಿಗೆ ಬೆಲೆ ಕೊಡುತ್ತಾರೆ. ಆದರೆ ಹಳೇ ಕಾಗದದ ತೋಟೆ ನಮ್ಮ ಮಳೆಗಾಲದಲ್ಲಿ ತೇವ ಕುಡಿದು ಊದಿಕೊಂಡು ನಳಿಗೆಗೆ ಇಳಿಯುತ್ತಲೇ ಇರಲಿಲ್ಲ ಅನ್ನೋದನ್ನು ಅದೇ ಹಿರಿಯರು ಹೇಳೋದಿಲ್ಲ, ಅಲ್ವಾ?

ನನಗೆ ಶಕ್ತಿಮಾನ್ ಸಾಕು. ಮಂಗ ಓಡಿಸೋಕೆ ಗಾಳಿಗೆ ಒಂದು ಈಡು, ಅದಕ್ಕೆ ಇಂಗ್ಲೆಂಡಿನ ಮಾಲು ಯಾಕೆ? ಹಂದಿ, ಕಾಟಿ (ಕಾಡುಕೋಣ) ಹೊಡೆಯೋ ಯೋಚನೆ ಇದ್ದರೆ ಇಲ್ಲಿಗೇ ಓದು ನಿಲ್ಲಿಸಿ, 1972ರ ವನ್ಯಜೀವಿ ಕಾಯ್ದೆ ಇದೆ.

ತೋಟೆಯೊಳಗಿನ ಸಣ್ಣ ಗುಂಡು, ಅಂದರೆ ಚರೆಯ ನಂಬರು ಏರಿದಷ್ಟೂ ಚರೆ ಸಣ್ಣದು, ಹೊಸಬರು ಇದನ್ನೇ ತಿರುಗಾಮುರುಗಾ ಕೇಳುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ತೋಟೆಯ ಉದ್ದ. ಅಜ್ಜನ ಕಾಲದ ವಿಲಾಯತಿ ಕೋವಿಗಳಲ್ಲಿ ಎಷ್ಟೋ 65 ಮಿಲಿಮೀಟರ್ ತೋಟೆಗೆ ಮಾಡಿದವು. ಅದರಲ್ಲಿ 70ರದ್ದು ಸಲೀಸಾಗಿ ಕೂರುತ್ತದೆ, ಆದರೆ ಹೊಡೆದಾಗ ತೋಟೆಯ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒಳಗೆ ಒತ್ತಡ ಏರುತ್ತದೆ. ಕೋವಿ ರಿಪೇರಿಯವರ ಹತ್ತಿರ ಅಳತೆ ನೋಡಿಸಿ.

ಈಗ ಅಂಗಡಿ ವಿಷಯ. ನನಗೆ ಒಂದು ಅಂಗಡಿಯವರು ಗೋಡೆ ತೇವದ ಕಪಾಟಿನಿಂದ ಹಳೇ ಸ್ಟಾಕ್ ತೆಗೆದು ಕೊಟ್ಟಿದ್ದರು, ಹಿತ್ತಾಳೆ ಬುಡ ಹಸಿರು ತಿರುಗಿತ್ತು. ಕೆಲವು ಹಾರಲೇ ಇಲ್ಲ. ವಾಪಸ್ ಕೇಳಿದರೆ 'ಲೈಸೆನ್ಸಿನಲ್ಲಿ ಎಂಟ್ರಿ ಆಗಿದೆ ಸಾರ್' ಅನ್ನೋ ಉತ್ತರ. ಇನ್ನು ಚುನಾವಣೆ ಬಂದರೆ ಕೋವಿಯೇ ಠಾಣೆ ಸೇರುತ್ತದೆ, ಮಂಗಗಳಿಗೆ ನೀತಿ ಸಂಹಿತೆ ಇಲ್ಲವಲ್ಲ!

ತೋಟೆ ಹಾರದಿದ್ದರೆ ತಕ್ಷಣ ಕೋವಿಯ ನಳಿಗೆ ಮಡಚಿ ಬಿಚ್ಚಿ ನೋಡಬೇಡಿ. ನಳಿಗೆ ಯಾರೂ ಇಲ್ಲದ ಕಡೆ ಹಿಡಿದು ಸ್ವಲ್ಪ ಹೊತ್ತು ಕಾಯಿರಿ, ತಡವಾಗಿ ಹಾರುವುದೂ ಉಂಟು. ಮನೆಯಲ್ಲಿ ಗಾಳಿ ಆಡದ ಡಬ್ಬಿಯಲ್ಲಿ ಬೀಗ ಹಾಕಿಡಿ, ಬೆಚ್ಚಗಿರಲಿ ಅಂತ ಒಲೆ ಮೇಲಿನ ಅಟ್ಟದಲ್ಲಿ ಮಾತ್ರ ಬೇಡ. ಕೊಳ್ಳುವಾಗ ಪೆಟ್ಟಿಗೆ ಬಿಚ್ಚಿಸಿ ಒಂದೊಂದೇ ಬುಡ ನೋಡಿ ತೆಗೆದುಕೊಳ್ಳಿ. ಬಿಚ್ಚೋದಿಲ್ಲ ಅಂದರೆ ಬೇರೆ ಅಂಗಡಿಗೆ ಹೋಗಿ.